ಟಿವಿ ನ್ಯೂಸ್ ನೋಡುವಾಗ ಕೈಯಲ್ಲೊಂದು ಗಡಿಯಾರ ಇರಲಿ

ಟಿವಿ ನ್ಯೂಸ್ ಕೆಟ್ಟುಹೋಗಿದೆ ಅಂತ ಎಲ್ಲರೂ ಹೇಳುತ್ತೇವೆ. ಹೇಳಿ ಮುಗಿಸಿ, ರಾತ್ರಿ ಒಂಬತ್ತಕ್ಕೆ ಮತ್ತೆ ಅದನ್ನೇ ಹಾಕಿಕೊಂಡು ಕೂರುತ್ತೇವೆ. "ಆ ಚಾನೆಲ್ ಅವರ ಕಡೆ, ಈ ಚಾನೆಲ್ ಇವರ ಕಡೆ" ಅನ್ನುವಲ್ಲಿಗೆ ನಮ್ಮ ಟೀಕೆ ನಿಂತುಬಿಡುತ್ತದೆ. ನಿಜ ಹೇಳಬೇಕೆಂದರೆ ಅದು ಅಳತೆಯೇ ಅಲ್ಲ. ನಮಗೆ ಇಷ್ಟವಾಗದ್ದನ್ನು ಹೇಳಿದ ಚಾನೆಲ್ ಪಕ್ಷಪಾತಿ, ಇಷ್ಟವಾದದ್ದನ್ನು ಹೇಳಿದ ಚಾನೆಲ್ ನೇರ-ದಿಟ್ಟ. ಇಷ್ಟೇ ಅಲ್ವಾ?

ಪಕ್ಷಪಾತ ಇರುವುದು ಬರೀ ಸುಳ್ಳಿನಲ್ಲಲ್ಲ. ಸುಳ್ಳು ಹೇಳಿದರೆ ಯಾರಾದರೂ ಹಿಡಿದುಬಿಡುತ್ತಾರೆ. ಯಾವ ಸುದ್ದಿಗೆ ಎಷ್ಟು ಹೊತ್ತು ಕೊಟ್ಟರು, ಯಾವುದನ್ನು ಎರಡೇ ಸಾಲಿನಲ್ಲಿ ಮುಗಿಸಿದರು, ಯಾವುದನ್ನು ಮುಟ್ಟಲೇ ಇಲ್ಲ ಅನ್ನುವುದರಲ್ಲಿ ಅದು ಜಾಸ್ತಿ ಇರುತ್ತದೆ. ಒಳ್ಳೆಯ ವಿಷಯ ಏನೆಂದರೆ, ಹೊತ್ತನ್ನು ಅಳೆಯಬಹುದು. ಅದಕ್ಕೆ ಪತ್ರಿಕೋದ್ಯಮ ಓದಿರಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಮೊದಲು ಸೌಂಡ್ ತೆಗೆಯಿರಿ

ನಿಮಗೆ ತುಂಬ ಇಷ್ಟವಾದ ಚಾನೆಲನ್ನೇ ಹಾಕಿ. ಇದು ಮುಖ್ಯ. ಬೈಯುವ ಚಾನೆಲಿನಲ್ಲಿ ತಪ್ಪು ಹುಡುಕುವುದು ಯಾರಿಗಾದರೂ ಬರುತ್ತದೆ. ಹಾಕಿ, ಹತ್ತು ನಿಮಿಷ ಮ್ಯೂಟ್ ಮಾಡಿ.

ನ್ಯೂಸ್ ಚಾನೆಲ್ಲುಗಳ ಅರ್ಧ ಕೆಲಸ ಮಾಡುವುದು ಶಬ್ದ. ಹಿನ್ನೆಲೆ ಸಂಗೀತ, ಢಂ ಅನ್ನುವ ಬಡಿತ, ಸೈರನ್, ಆಂಕರ್ ಏರುದನಿ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷ ನಡೆದಾಗ, ಕಾರ್ಯಕ್ರಮಗಳಲ್ಲಿ ವಾಯುದಾಳಿ ಸೈರನ್ ಶಬ್ದ ಹಾಕಬೇಡಿ ಅಂತ ಕೇಂದ್ರದ ಸಿವಿಲ್ ಡಿಫೆನ್ಸ್ ನಿರ್ದೇಶನಾಲಯವೇ ಚಾನೆಲ್ಲುಗಳಿಗೆ ಹೇಳಬೇಕಾಯಿತು. ದಿನವಿಡೀ ಟಿವಿಯಲ್ಲಿ ಸೈರನ್ ಕೂಗುತ್ತಿದ್ದರೆ, ನಿಜವಾದ ಸೈರನ್ ಕೂಗಿದ ದಿನ ಜನ ಎದ್ದು ಓಡುವುದಿಲ್ಲ. ಅಷ್ಟು ಸಣ್ಣ ವಿಷಯವನ್ನೂ ಸರ್ಕಾರ ಬರೆದು ಹೇಳಬೇಕಾಯಿತಲ್ಲ ಅನ್ನುವುದೇ ಆಶ್ಚರ್ಯ.

ಮ್ಯೂಟ್ ಮಾಡಿದಾಗ ಕಣ್ಣಿಗೆ ಬೀಳುವುದು ದೃಶ್ಯಗಳು ಮಾತ್ರ. ಒಂದು ಮಾದರಿ ತಗೊಳ್ಳೋಣ. ಯಾವುದೋ ನಾಯಕರ ಮನೆ ಮೇಲೆ ಐಟಿ ರೇಡ್. ಪರದೆಯಲ್ಲಿ ಏನಿದೆ? ಒಂದು ಕಬ್ಬಿಣದ ಗೇಟು. ಬಿಳಿ ಇನ್ನೋವಾ ಒಳಗೆ ಹೋಗುತ್ತದೆ. ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದು ಗೇಟು ಹಾಕುತ್ತಾನೆ. ಮೂರು-ನಾಲ್ಕು ಚಾನೆಲ್ ಮೈಕುಗಳು ಗೇಟಿನ ಸಂದಿಯಲ್ಲಿ ತೂರುತ್ತವೆ. ಮತ್ತೆ ಅದೇ ಇನ್ನೋವಾ ಒಳಗೆ ಹೋಗುತ್ತದೆ. ಮತ್ತೆ ಅದೇ ಕೈ. ಎಣಿಸುತ್ತಾ ಹೋಗಿ. ಎಂಟು-ಹತ್ತು ಸೆಕೆಂಡಿನ ತುಣುಕು ಅರ್ಧ ಗಂಟೆ ಸುತ್ತುತ್ತಿರುತ್ತದೆ. ಮಧ್ಯೆ ಎಲ್ಲಾದರೂ ನೋಟಿನ ಕಂತೆಗಳ ಚಿತ್ರ ಬಂದರೆ ಮೂಲೆಯಲ್ಲಿ 'ಫೈಲ್' ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಆ ಕಂತೆ ಆ ಮನೆಯದ್ದಲ್ಲ, ಹಳೆಯದು. ಬರೆದೇ ಇಲ್ಲದಿದ್ದರೆ ಎಲ್ಲಿಯದು ಅಂತ ಕೇಳಬೇಕು. ಸೌಂಡ್ ಇದ್ದಾಗ ಇದ್ಯಾವುದೂ ಗಮನಕ್ಕೆ ಬರುವುದಿಲ್ಲ, ಯಾಕೆಂದರೆ ಆಂಕರ್ "ಕಂತೆ ಕಂತೆ ನೋಟು?" ಅಂತ ಪ್ರಶ್ನೆ ಕೇಳುತ್ತಿರುತ್ತಾರೆ.

ಹತ್ತು ನಿಮಿಷ ಆದಮೇಲೆ ಹಾಳೆಯಲ್ಲಿ ಒಂದು ಸಾಲು ಬರೆಯಿರಿ: ಈ ಹತ್ತು ನಿಮಿಷದಲ್ಲಿ ಹೊಸದಾಗಿ ಏನು ಕಂಡೆ? ಬಹಳ ಸಲ ಉತ್ತರ "ಒಂದು ಗೇಟು" ಅಂತಲೇ ಬರುತ್ತದೆ.

ಈಗ ಗಡಿಯಾರ

ಒಂದು ಪೂರ್ತಿ ಗಂಟೆ ನೋಡಿ. ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ. ವರದಿ, ಮಾತು, ಜಾಹೀರಾತು, ಪ್ರೋಮೊ.

ವರದಿ ಅಂದರೆ ಯಾರೋ ಸ್ಥಳಕ್ಕೆ ಹೋಗಿ, ನೋಡಿ, ಕೇಳಿ, ತಂದ ಮಾಹಿತಿ. ಯಾವಾಗ, ಎಲ್ಲಿ, ಯಾರು, ಎಷ್ಟು ಅನ್ನುವುದು ಅದರಲ್ಲಿ ಇರುತ್ತದೆ. ಮಾತು ಅಂದರೆ ಸ್ಟುಡಿಯೋದಲ್ಲಿ ಕೂತು ಅದರ ಬಗ್ಗೆ ಆಡುವುದು. ರಿಪೋರ್ಟರ್ ಸ್ಥಳದಲ್ಲೇ ನಿಂತಿದ್ದರೂ "ಮುಂದೇನಾಗುತ್ತೆ ಅನ್ನೋದನ್ನು ಕಾದು ನೋಡಬೇಕಿದೆ" ಅಂತಷ್ಟೇ ಹೇಳುತ್ತಿದ್ದರೆ ಅದನ್ನೂ ಮಾತಿನ ಕಾಲಂಗೆ ಹಾಕಿ. ಕಾದು ನೋಡುವುದು ನಮಗೂ ಗೊತ್ತು.

ಜಾಹೀರಾತಿಗೆ ಒಂದು ಮಿತಿ ಇದೆ. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷ. ಹತ್ತು ನಿಮಿಷ ಜಾಹೀರಾತು, ಎರಡು ನಿಮಿಷ ಚಾನೆಲ್ ತನ್ನದೇ ಕಾರ್ಯಕ್ರಮಗಳ ಪ್ರೋಮೊಗೆ. ನೀವು ಅಳೆದ ಗಂಟೆಯಲ್ಲಿ ಎಷ್ಟಾಯಿತು ನೋಡಿ. ಆಂಕರ್ ಮಾತಾಡುತ್ತಿರುವಾಗಲೇ ಪರದೆ ಕುಗ್ಗಿ ಪಕ್ಕದಲ್ಲಿ ಎಲ್ ಆಕಾರದಲ್ಲಿ ಚಿನ್ನದಂಗಡಿಯ ಜಾಹೀರಾತು ಬರುತ್ತದಲ್ಲ, ಅದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಈಗ ಎರಡನೇ ಎಣಿಕೆ. ಆ ಗಂಟೆಯಲ್ಲಿ ಒಟ್ಟು ಎಷ್ಟು ಸುದ್ದಿ ಬಂತು? ಯಾವ ಜಿಲ್ಲೆಗಳಿಂದ ಬಂತು? ಬೆಂಗಳೂರು ಬಿಟ್ಟು ಬೀದರ್, ರಾಯಚೂರು, ಚಾಮರಾಜನಗರದ ಹೆಸರು ಬಂತಾ? ಬಂದಿದ್ದರೆ ಯಾವ ಕಾರಣಕ್ಕೆ ಬಂತು? ಕೊಲೆ, ಅಪಘಾತ ಆದಾಗ ಮಾತ್ರ ಬರುತ್ತದಾ? ಇದು ಯಾವ ಪಕ್ಷಕ್ಕೂ ಸೇರದ ಪಕ್ಷಪಾತ. ಹಾಗಾಗಿ ಯಾರೂ ಇದರ ಬಗ್ಗೆ ಜಗಳ ಆಡುವುದಿಲ್ಲ. ನನ್ನ ಮಟ್ಟಿಗೆ ಕನ್ನಡದ ನ್ಯೂಸ್ ಚಾನೆಲ್ಲುಗಳ ದೊಡ್ಡ ಕೊರತೆ ಇದೇ. ರಾಜಕೀಯ ಒಲವು ಎರಡನೆಯದು.

ಮಾರನೆಯ ದಿನ ಒಂದು ದಿನಪತ್ರಿಕೆ ತಗೊಳ್ಳಿ. ಅದರ ಮೊದಲ ಎರಡು ಪುಟದ ಸುದ್ದಿಗಳನ್ನು ನಿಮ್ಮ ಹಾಳೆಯ ಪಕ್ಕ ಇಡಿ. ಪತ್ರಿಕೆಯಲ್ಲಿ ಇದ್ದು ಟಿವಿಯಲ್ಲಿ ಇಲ್ಲದ್ದು ಯಾವುದು ಅಂತ ಗೆರೆ ಹಾಕಿ. ಹೀಗೆ ಮೂರು-ನಾಲ್ಕು ದಿನ ಮಾಡಿದರೆ ಒಂದು ಮಾದರಿ ಕಾಣತೊಡಗುತ್ತದೆ. ಒಂದೇ ದಿನದ ಲೆಕ್ಕ ಹಿಡಿದು ಚಾನೆಲ್ ಬಗ್ಗೆ ತೀರ್ಪು ಕೊಡಬೇಡಿ. ಚುನಾವಣೆ, ದೊಡ್ಡ ಸಾವು, ಪ್ರವಾಹದ ದಿನ ಎಲ್ಲ ಚಾನೆಲ್ಲೂ ಒಂದೇ ಥರ ಇರುತ್ತವೆ.

ಪರದೆ ಮೇಲಿನ ಬರಹ

ಸೌಂಡ್ ವಾಪಸ್ ಹಾಕಿ. ಈಗ ಕೆಳಗಿನ ಪಟ್ಟಿಯಲ್ಲಿ ಓಡುವ ಮಾತುಗಳನ್ನು ನೋಡಿ.

ಪ್ರಶ್ನೆ ಗುರುತು ಮೊದಲ ಗುರುತು. "ಸಿಎಂ ಕುರ್ಚಿಗೆ ಕಂಟಕ?" ಇದರಲ್ಲಿ ಮಾಹಿತಿ ಏನೂ ಇಲ್ಲ. ಆದರೆ ಓದಿದವರ ತಲೆಯಲ್ಲಿ ಉಳಿಯುವುದು ಪ್ರಶ್ನೆ ಗುರುತಲ್ಲ, ಕಂಟಕ. ನಾಳೆ ಯಾರಾದರೂ ಕೇಳಿದರೆ ಚಾನೆಲ್‌ನವರು "ನಾವು ಕೇಳಿದ್ದು ಅಷ್ಟೆ, ಹೇಳಿಲ್ಲ" ಅಂತ ಜಾರಿಕೊಳ್ಳಬಹುದು. ಒಂದು ಸರಳ ಪರೀಕ್ಷೆ ಇದೆ. ಪ್ರಶ್ನೆ ಗುರುತು ತೆಗೆದು "ಇಲ್ಲ" ಅಂತ ಉತ್ತರ ಕೊಡಿ. ಸುದ್ದಿ ಅಲ್ಲಿಗೇ ಮುಗಿದುಹೋದರೆ, ಅಲ್ಲಿ ಮೊದಲಿಂದಲೂ ಸುದ್ದಿ ಇರಲಿಲ್ಲ.

ಎರಡನೆಯದು ಕ್ರಿಯಾಪದ. ಒಬ್ಬ ನಾಯಕರು "ಹೇಳಿದರು", ಇನ್ನೊಬ್ಬರು "ಕಿಡಿಕಾರಿದರು", ಮತ್ತೊಬ್ಬರು "ಬಾಂಬ್ ಸಿಡಿಸಿದರು". ಮೂವರೂ ಮಾಡಿದ್ದು ಒಂದೇ, ಮೈಕ್ ಮುಂದೆ ಎರಡು ಮಾತು ಆಡಿದ್ದು. ಯಾರಿಗೆ ಯಾವ ಕ್ರಿಯಾಪದ ಸಿಗುತ್ತದೆ ಅಂತ ಒಂದು ವಾರ ಬರೆದಿಟ್ಟುಕೊಳ್ಳಿ. ಒಬ್ಬರು ಸದಾ "ಸ್ಪಷ್ಟಪಡಿಸುತ್ತಾ", ಇನ್ನೊಬ್ಬರು ಸದಾ "ಉದ್ಧಟತನ ಮೆರೆಯುತ್ತಾ" ಇದ್ದರೆ ಚಾನೆಲ್ ಒಲವು ಯಾವ ಕಡೆ ಅಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೂರನೆಯದು "ಮೂಲಗಳ ಪ್ರಕಾರ". ಮೂಲದ ಹೆಸರು ಹೇಳದೇ ಇರುವುದು ತಪ್ಪಲ್ಲ. ಹೆಸರು ಹೇಳಿದರೆ ಕೆಲಸ ಹೋಗುವ ಅಧಿಕಾರಿಗಳೂ ಮಾಹಿತಿ ಕೊಡುತ್ತಾರೆ. ಆದರೆ ಎಂಥ ಮೂಲ ಅಂತಾದರೂ ಹೇಳಬೇಕು. "ತನಿಖಾ ತಂಡದಲ್ಲಿರುವ ಅಧಿಕಾರಿ" ಅನ್ನುವುದಕ್ಕೂ ಸುಮ್ನೆ "ಮೂಲಗಳು" ಅನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ಕ್ರೈಂ ಸುದ್ದಿಯಲ್ಲಂತೂ ಬಹುಪಾಲು ಮೂಲ ಪೊಲೀಸರೇ. ಅಂದರೆ ನೀವು ಕೇಳುತ್ತಿರುವುದು ಪ್ರಕರಣದ ಒಂದು ಕಡೆಯ ಕಥೆ. ಆರೋಪಿ ಪರ ವಕೀಲರ ಒಂದು ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು) ಆದರೂ ಬಂತಾ ನೋಡಿ. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಕರಣದಲ್ಲಿ ಚಾನೆಲ್ಲುಗಳು ನಡೆದುಕೊಂಡ ರೀತಿಯ ಬಗ್ಗೆ 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ತೀರ್ಪು ಇದನ್ನೇ ಹೇಳುತ್ತದೆ. ತನಿಖೆ ನಡೆಯುತ್ತಿರುವಾಗ ಟಿವಿಯಲ್ಲೇ ವಿಚಾರಣೆ ನಡೆಸಿದರೆ ನ್ಯಾಯದಾನಕ್ಕೆ ಅಡ್ಡಿಯಾಗುತ್ತದೆ ಅಂತ.

ಡಿಬೇಟ್‌ನಲ್ಲಿ ತಲೆ ಎಣಿಸಿ

ಡಿಬೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಅಂಕಿ ಸಾಕು. ಯಾವ ಕಡೆಯವರು ಎಷ್ಟು ಜನ ಕೂತಿದ್ದಾರೆ, ಆಂಕರ್ ಯಾರ ಮಾತನ್ನು ಎಷ್ಟು ಸಲ ತುಂಡರಿಸಿದರು, ವಿಷಯ ತಿಳಿದವರು ಎಷ್ಟು ಜನ. ಕೃಷಿ ಬಗ್ಗೆ ಚರ್ಚೆ ಇದ್ದು ರೈತರೂ ಇಲ್ಲ, ಕೃಷಿ ವಿಜ್ಞಾನಿಯೂ ಇಲ್ಲ, ಮೂರು ಪಕ್ಷದ ವಕ್ತಾರರು ಮಾತ್ರ ಇದ್ದರೆ ಅದು ಕೃಷಿ ಬಗ್ಗೆ ಚರ್ಚೆ ಅಲ್ಲ. "ರಾಜಕೀಯ ವಿಶ್ಲೇಷಕರು" ಅಂತ ಹೆಸರು ಹಾಕಿ ಕೂರಿಸಿದವರ ಹಳೆಯ ಪರಿಚಯ ಏನು ಅಂತ ಗೂಗಲ್ ಮಾಡಿ ನೋಡಿ. ಕೆಲವರು ನಿನ್ನೆ ಮೊನ್ನೆವರೆಗೆ ಪಕ್ಷದ ಹುದ್ದೆಯಲ್ಲಿ ಇದ್ದವರೇ ಇರುತ್ತಾರೆ.

ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಳ್ಳಿ

ಆಂಕರ್ ಕೆಟ್ಟವರು, ಅದಕ್ಕೇ ನ್ಯೂಸ್ ಕೆಟ್ಟಿದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಿಂದೆ ಇರುವುದು ಖರ್ಚು-ವೆಚ್ಚದ ಲೆಕ್ಕ.

ಒಬ್ಬ ರಿಪೋರ್ಟರ್, ಒಬ್ಬ ಕ್ಯಾಮೆರಾಮನ್, ಒಂದು ಗಾಡಿ ಕಳಿಸಿ ಯಾದಗಿರಿಯಿಂದ ಒಂದು ವರದಿ ತರಿಸುವುದಕ್ಕೆ ದುಡ್ಡು ಬೇಕು, ಎರಡು ದಿನ ಬೇಕು. ಬಂದಮೇಲೆ ಅದು ಓಡುವುದು ಮೂರು ನಿಮಿಷ. ಸ್ಟುಡಿಯೋದಲ್ಲಿ ನಾಲ್ವರನ್ನು ಕೂರಿಸಿ ಜಗಳ ಹಚ್ಚಿದರೆ ಒಂದು ಗಂಟೆ ತುಂಬುತ್ತದೆ, ಖರ್ಚು ಕಾಫಿಯದ್ದು. ಇಪ್ಪತ್ತನಾಲ್ಕು ಗಂಟೆ ತುಂಬಿಸಲೇಬೇಕಾದ ಚಾನೆಲ್ ಯಾವುದನ್ನು ಆರಿಸಿಕೊಳ್ಳುತ್ತದೆ ಹೇಳಿ. ತಾಲೂಕು ಮಟ್ಟದಲ್ಲಿ ಚಾನೆಲ್ ಮೈಕ್ ಹಿಡಿದು ಓಡಾಡುವ ಎಷ್ಟೋ ಜನ ಸ್ಟ್ರಿಂಗರ್‌ಗಳು. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಆಮೇಲೆ ಟಿಆರ್‌ಪಿ, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ರೇಟಿಂಗ್. ಇದನ್ನು ಅಳೆಯುವುದು ಬಾರ್ಕ್ ಇಂಡಿಯಾ ಅನ್ನುವ ಸಂಸ್ಥೆ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಅಲ್ಲಿ ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ದಾಖಲಿಸುತ್ತಾರೆ. 2020ರ ಹೊತ್ತಿಗೆ ಇಂಥ ಮನೆಗಳು ಸುಮಾರು 44 ಸಾವಿರ. ದೇಶದಲ್ಲಿ ಟಿವಿ ಇದ್ದ ಮನೆಗಳು 20 ಕೋಟಿ ಮೀರಿದ್ದವು. ಇದನ್ನು ಭಾಷೆವಾರು, ಚಾನೆಲ್‌ವಾರು ಒಡೆಯುತ್ತಾ ಹೋದರೆ ಒಂದು ಪ್ರಾದೇಶಿಕ ನ್ಯೂಸ್ ಚಾನೆಲಿನ ಪಾಲಿಗೆ ಬರುವ ಮನೆಗಳು ಬಹಳ ಕಡಿಮೆ. ಅಷ್ಟು ಕಡಿಮೆ ಮನೆಗಳ ರಿಮೋಟಿನ ಮೇಲೆ ಜಾಹೀರಾತಿನ ದರ ನಿಂತಿರುತ್ತದೆ. 2020ರ ಅಕ್ಟೋಬರ್‌ನಲ್ಲಿ, ಮೀಟರ್ ಇರುವ ಮನೆಯವರಿಗೆ ದುಡ್ಡು ಕೊಟ್ಟು ಕೆಲವು ಚಾನೆಲ್ ಹಾಕಿಸುತ್ತಿದ್ದರು ಅಂತ ಮುಂಬೈ ಪೊಲೀಸರು ಆರೋಪಿಸಿದರು. ಬಾರ್ಕ್ ನ್ಯೂಸ್ ಚಾನೆಲ್ಲುಗಳ ವಾರದ ರೇಟಿಂಗ್ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿ ಲೆಕ್ಕದಲ್ಲಿ. ಮುಂಬೈ ಕೇಸನ್ನು ಆಮೇಲೆ ಸರ್ಕಾರವೇ ವಾಪಸ್ ಪಡೆಯಿತು. ಆ ಒಂದೂವರೆ ವರ್ಷ ರೇಟಿಂಗ್ ಇಲ್ಲದಿದ್ದಾಗ ಕಿರುಚಾಟ ಕಡಿಮೆ ಆಯಿತಾ ಅಂದರೆ, ನನಗಂತೂ ಹಾಗೆ ಕಾಣಲಿಲ್ಲ. ರೇಟಿಂಗ್ ಹೋದರೂ ಅಭ್ಯಾಸ ಹೋಗಲಿಲ್ಲ. ಜೊತೆಗೆ ಅಷ್ಟೊತ್ತಿಗೆ ಯೂಟ್ಯೂಬ್ ವ್ಯೂಸ್ ಬಂದಿತ್ತು.

ಇನ್ನು ಒಡೆತನ. ಚಾನೆಲ್ ಯಾರದ್ದು ಅಂತ ತಿಳಿದುಕೊಳ್ಳುವುದು ಕಷ್ಟ ಏನಲ್ಲ. ನೆಟ್‌ವರ್ಕ್18 ಗುಂಪು 2014ರಿಂದ ರಿಲಯನ್ಸ್ ಕೈಯಲ್ಲಿದೆ, ನ್ಯೂಸ್18 ಕನ್ನಡ ಅದರದ್ದೇ. ಎನ್‌ಡಿಟಿವಿ 2022ರ ಕೊನೆಗೆ ಅದಾನಿ ಗುಂಪಿಗೆ ಹೋಯಿತು. ಒಡೆಯರು ಗೊತ್ತಾದ ತಕ್ಷಣ ಆ ಚಾನೆಲ್ ಹೇಳುವುದೆಲ್ಲ ಸುಳ್ಳು ಅಂತ ಅಲ್ಲ. ಒಡೆಯರ ವ್ಯವಹಾರಕ್ಕೆ ಸಂಬಂಧಪಟ್ಟ ಸುದ್ದಿ ಬಂದಾಗ ಮಾತ್ರ ಇನ್ನೊಂದು ಕಡೆ ಪರಿಶೀಲಿಸಿ. ಸರ್ಕಾರಿ ಜಾಹೀರಾತಿನ ಲೆಕ್ಕವೂ ಹಾಗೇ. ಕೇಂದ್ರ ಇರಲಿ ರಾಜ್ಯ ಇರಲಿ, ಸಾಧನೆಯ ಜಾಹೀರಾತು ಸಾಲುಸಾಲಾಗಿ ಬರುತ್ತಿರುವ ವಾರದಲ್ಲಿ ಆ ಸರ್ಕಾರದ ಬಗ್ಗೆ ಪ್ರಶ್ನೆ ಎಷ್ಟು ಬಂತು ಅಂತ ನಿಮ್ಮ ಹಾಳೆಯೇ ಹೇಳುತ್ತದೆ.

ನಂಬುವ ಮೊದಲು ಮೂಲಕ್ಕೆ ಹೋಗಿ

ಬ್ರೇಕಿಂಗ್ ಸುದ್ದಿಗೆ ನಾನು ಹೇಳುವ ನಿಯಮ ಒಂದೇ: ಮೊದಲ ಎರಡು ಗಂಟೆ ಯಾವುದನ್ನೂ ನಂಬಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ಯುದ್ಧ, ಗಲಭೆ ಆದರೆ ಮಾರನೆಯ ಬೆಳಗ್ಗೆವರೆಗೆ ಕಾಯಿರಿ. 2025ರ ಮೇ 8ರ ರಾತ್ರಿ ನೆನಪಿರಬಹುದು. ಕರಾಚಿ ಬಂದರು ಧ್ವಂಸ, ಇಸ್ಲಾಮಾಬಾದ್ ವಶ ಅಂತೆಲ್ಲ ದೇಶದ ದೊಡ್ಡ ದೊಡ್ಡ ಚಾನೆಲ್ಲುಗಳೇ ಹೇಳಿದವು. ಬೆಳಗಾದಾಗ ಎರಡೂ ಆಗಿರಲಿಲ್ಲ. 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೊ ಚಿಪ್ ಇದೆ ಅಂತ ಟಿವಿಯಲ್ಲಿ ಗ್ರಾಫಿಕ್ಸ್ ಸಮೇತ ವಿವರಿಸಿದ್ದರು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ಆ ಪಟ್ಟಿ ಎಲ್ಲರಿಗೂ ಸಿಗುವಂತೆಯೇ ಇತ್ತು. ಯಾರೂ ತೆಗೆದು ನೋಡಲಿಲ್ಲ ಅಷ್ಟೆ.

ಮೂಲ ದಾಖಲೆ ಹುಡುಕುವುದು ಈಗ ಮೊದಲಿಗಿಂತ ಸುಲಭ. ಕೋರ್ಟ್ ಸುದ್ದಿ ಆದರೆ ಆದೇಶದ ಪ್ರತಿ ಹೈಕೋರ್ಟ್, ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಿಚಾರಣೆ 2022ರ ಸೆಪ್ಟೆಂಬರ್‌ನಿಂದ ನೇರಪ್ರಸಾರವೂ ಆಗುತ್ತಿದೆ. ನ್ಯಾಯಮೂರ್ತಿಗಳು ವಿಚಾರಣೆ ನಡುವೆ ಕೇಳಿದ ಪ್ರಶ್ನೆ ಬೇರೆ, ಕೊಟ್ಟ ಆದೇಶ ಬೇರೆ. ಟಿವಿಯಲ್ಲಿ "ಸುಪ್ರೀಂ ಚಾಟಿ" ಅಂತ ಬರುವುದು ಹೆಚ್ಚಾಗಿ ಮೊದಲನೆಯದು. ಸಂಸತ್ತಿನ ಮಾತಾದರೆ ಸಂಸದ್ ಟಿವಿ ಇದೆ. ನಾಯಕರ ವಿವಾದದ ಹೇಳಿಕೆ ಆದರೆ ಪೂರ್ತಿ ಭಾಷಣದ ವಿಡಿಯೊ ಹುಡುಕಿ, ಆ ಮಾತಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಕೇಳಿ.

ಮಳೆ ಸುದ್ದಿ ಒಳ್ಳೆಯ ಉದಾಹರಣೆ. "ರಾಜ್ಯಾದ್ಯಂತ ರೆಡ್ ಅಲರ್ಟ್, ಮನೆಯಿಂದ ಹೊರಬರಬೇಡಿ" ಅಂತ ಪಟ್ಟಿ ಓಡುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆ ತೆಗೆದು ನೋಡಿದರೆ ಅದು ಜಿಲ್ಲೆವಾರು ಇರುತ್ತದೆ. ಎರಡು ಜಿಲ್ಲೆ ಕೆಂಪು, ನಾಲ್ಕು ಕಿತ್ತಳೆ, ಉಳಿದದ್ದು ಹಳದಿ ಅಥವಾ ಹಸಿರು ಇರಬಹುದು. ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಟಿವಿಯಲ್ಲಿ ಎಲ್ಲ ಮಳೆಗೂ ಒಂದೇ ಹೆಸರು, "ರಣಮಳೆ". ರಣಮಳೆ ಅಂದರೆ ಎಷ್ಟು ಮಿಲಿಮೀಟರ್ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಜಿಲ್ಲೆಯ ಬಣ್ಣ ಯಾವುದು, ಎಷ್ಟು ಗಂಟೆವರೆಗೆ ಅನ್ನುವುದಷ್ಟೇ ನಿಮಗೆ ಬೇಕಾದದ್ದು.

ವಿಡಿಯೊ ಹಳೆಯದೋ ಹೊಸದೋ ಅಂತ ನೋಡಲು ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಸದಾ ಉತ್ತರ ಸಿಗುತ್ತದೆ ಅಂತಲ್ಲ. ಆದರೆ ಹಳೆಯ ಪ್ರವಾಹ, ಹಳೆಯ ಲಾಠಿಚಾರ್ಜ್, ವಿಡಿಯೊ ಗೇಮಿನ ದೃಶ್ಯಗಳು ಇದರಲ್ಲಿ ಬೇಗ ಸಿಕ್ಕಿಬೀಳುತ್ತವೆ. ಒಂದು ಎಚ್ಚರಿಕೆ. ಪಿಐಬಿ ಫ್ಯಾಕ್ಟ್‌ಚೆಕ್ ಅನ್ನುವುದು ಕೇಂದ್ರ ಸರ್ಕಾರದ್ದೇ ಘಟಕ. ಸರ್ಕಾರದ ಹೆಸರಿನಲ್ಲಿ ಬಂದ ನಕಲಿ ಆದೇಶ ಪರೀಕ್ಷಿಸಲು ಅದು ಸರಿ. ಸರ್ಕಾರವನ್ನು ಟೀಕಿಸಿದ ಸುದ್ದಿ ನಿಜವೋ ಅಂತ ಸರ್ಕಾರವನ್ನೇ ಕೇಳಿದರೆ ಸಾಲದು.

ಮನೆಯಲ್ಲಿ ಜಗಳ ಇಲ್ಲದೆ

ಹಿರಿಯರು ಇರುವ ಮನೆಯಲ್ಲಿ ಇದು ಸೂಕ್ಷ್ಮ. "ಏನಪ್ಪಾ, ಇಂಥದ್ದೆಲ್ಲ ನೋಡ್ತೀರಾ" ಅಂದರೆ ಮುಗಿಯಿತು. ಅಂದಿನಿಂದ ವಾಲ್ಯೂಮ್ ಎರಡು ಪಾಯಿಂಟ್ ಜಾಸ್ತಿ ಆಗುತ್ತದೆ. ಬದಲಿಗೆ ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಿ. "ಅಪ್ಪ, ಇದು ಇವತ್ತಿನ ವಿಡಿಯೊನಾ?" "ಅಮ್ಮ, ಇದನ್ನ ಹೇಳಿದ್ದು ಯಾರಂತೆ?" ಅಷ್ಟೇ. ಉತ್ತರ ನೀವು ಕೊಡಬೇಡಿ. ಅವರೇ ಹುಡುಕಲಿ.

ಸಮಯ ಕಟ್ಟಿಕೊಳ್ಳುವುದೂ ಕೆಲಸ ಮಾಡುತ್ತದೆ. ಬೆಳಗ್ಗೆ ಪತ್ರಿಕೆ ಅಥವಾ ಆಕಾಶವಾಣಿಯ ವಾರ್ತೆ, ಸಂಜೆ ಅರ್ಧ ಗಂಟೆ ಬುಲೆಟಿನ್. ಬುಲೆಟಿನ್ ಮಾತ್ರ, ಡಿಬೇಟ್ ಅಲ್ಲ. ದೂರದರ್ಶನ ಚಂದನದ ವಾರ್ತೆಯನ್ನು ಒಂದು ವಾರ ನೋಡಿ. ಅದು ಸರ್ಕಾರಿ ವಾಹಿನಿ, ಸರ್ಕಾರದ ಕಡೆ ವಾಲುತ್ತದೆ, ಅದರಲ್ಲಿ ಗುಟ್ಟೇನಿಲ್ಲ. ಆದರೆ ಕಡಿಮೆ ಹೊತ್ತಿನಲ್ಲಿ ಎಷ್ಟು ಸುದ್ದಿ ಹಿಡಿಸಬಹುದು ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ಮಕ್ಕಳಿರುವ ಹೊತ್ತಿನಲ್ಲಿ ಕ್ರೈಂ ಶೋಗಳ ಮರುಸೃಷ್ಟಿ ದೃಶ್ಯ ಹಾಕಬೇಡಿ. ಇದಕ್ಕೆ ವಿವರಣೆ ಬೇಕಿಲ್ಲ ಅಂದುಕೊಂಡಿದ್ದೇನೆ.

ತಪ್ಪು ಕಂಡರೆ ದೂರು ಬರೆಯಿರಿ

ಬಹಳ ಜನ ಇಲ್ಲಿಗೆ ಬರುವುದೇ ಇಲ್ಲ. ವಾಟ್ಸ್ಯಾಪಲ್ಲಿ ಬೈದು ಸುಮ್ಮನಾಗುತ್ತಾರೆ. ಆದರೆ ದೂರಿಗೆ ಕಾನೂನಿನಲ್ಲೇ ದಾರಿ ಇದೆ, ಖರ್ಚೂ ಇಲ್ಲ.

ಮೊದಲು, ಎಲ್ಲಿಗೆ ಬರೆಯಬಾರದು ಅಂತ ಹೇಳುತ್ತೇನೆ. ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾಗೆ ಬರೆಯಬೇಡಿ. ಅದು ಪತ್ರಿಕೆಗಳನ್ನು ಮಾತ್ರ ನೋಡುತ್ತದೆ, ಟಿವಿ ಅದರ ವ್ಯಾಪ್ತಿಯಲ್ಲಿ ಇಲ್ಲ.

ಟಿವಿಗೆ ಅನ್ವಯ ಆಗುವುದು 1995ರ ಕೇಬಲ್ ಟೆಲಿವಿಷನ್ ಕಾಯ್ದೆ, ಅದರ ಕೆಳಗಿರುವ ಕಾರ್ಯಕ್ರಮ ಸಂಹಿತೆ. ಧರ್ಮ, ಸಮುದಾಯಗಳ ಮೇಲೆ ದಾಳಿ ಮಾಡುವಂಥದ್ದು, ಬೇಕೆಂದೇ ಸುಳ್ಳು ಅಥವಾ ಅರ್ಧಸತ್ಯ ಹೇಳುವಂಥದ್ದು, ಮೂಢನಂಬಿಕೆ ಹರಡುವಂಥದ್ದು ಪ್ರಸಾರ ಮಾಡಬಾರದು ಅಂತ ಅದರ 6ನೇ ನಿಯಮ ಹೇಳುತ್ತದೆ. ಗ್ರಹಣದ ದಿನ ಬೆಳಗ್ಗಿಂದ ರಾತ್ರಿವರೆಗೆ ನಡೆಯುವ ಕಾರ್ಯಕ್ರಮಗಳನ್ನು ನೆನೆಸಿಕೊಂಡು ಈ ಸಾಲನ್ನು ಇನ್ನೊಮ್ಮೆ ಓದಿ. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರಕ್ಕೂ 2015ರಿಂದ ನಿಷೇಧ ಇದೆ. 2008ರ ಮುಂಬೈ ದಾಳಿಯ ನೇರಪ್ರಸಾರವನ್ನು 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತ್ತು. ಅತ್ಯಾಚಾರ ಸಂತ್ರಸ್ತರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ ಸೆಕ್ಷನ್ 23 ಇದೆ.

"ಈ ಚಾನೆಲ್ ಪಕ್ಷಪಾತಿ" ಅಂತ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಒಂದು ಕಾರ್ಯಕ್ರಮ, ಒಂದು ತಪ್ಪು, ಒಂದು ನಿಯಮ. ಹೀಗೆ ಬರೆಯಿರಿ:

"ತಮ್ಮ ವಾಹಿನಿಯಲ್ಲಿ ಈ ದಿನಾಂಕದಂದು ರಾತ್ರಿ 9.12ರಿಂದ 9.20ರವರೆಗೆ ಪ್ರಸಾರವಾದ ಕಾರ್ಯಕ್ರಮದಲ್ಲಿ ಸಂತ್ರಸ್ತ ಬಾಲಕಿಯ ತಂದೆಯ ಹೆಸರನ್ನು ಹೇಳಲಾಗಿದೆ, ಮನೆ ಇರುವ ಬೀದಿಯನ್ನು ತೋರಿಸಲಾಗಿದೆ. ಇದು ಪೋಕ್ಸೊ ಕಾಯ್ದೆಯ ಸೆಕ್ಷನ್ 23ಕ್ಕೆ ವಿರುದ್ಧ. ಈ ಭಾಗವನ್ನು ಮರುಪ್ರಸಾರ ಮಾಡಬಾರದು, ಯೂಟ್ಯೂಬ್‌ನಿಂದ ತೆಗೆಯಬೇಕು, ಕ್ರಮ ಕೈಗೊಂಡ ಬಗ್ಗೆ ನನಗೆ ಲಿಖಿತವಾಗಿ ತಿಳಿಸಬೇಕು."

ಜೊತೆಗೆ ಯೂಟ್ಯೂಬ್ ಲಿಂಕ್ ಅಥವಾ ಮೊಬೈಲಲ್ಲಿ ತೆಗೆದ ಸಣ್ಣ ರೆಕಾರ್ಡಿಂಗ್ ಇಡಿ. ಗುರುತು ಬಯಲಾದ ವಿಡಿಯೊ ಆದರೆ ಅದನ್ನು ದೂರಿಗೆ ಬಿಟ್ಟು ಬೇರೆ ಎಲ್ಲೂ ಹಂಚಬೇಡಿ, ಹಂಚಿದರೆ ನೀವೂ ಅದೇ ತಪ್ಪು ಮಾಡಿದಂತೆ. ಚಾನೆಲ್‌ನವರು ಪ್ರಸಾರದ ದಾಖಲೆಯನ್ನು 90 ದಿನ ಇಟ್ಟುಕೊಳ್ಳಬೇಕು. ಆದರೂ ವಾರದೊಳಗೆ ಬರೆದುಬಿಡಿ. ತಡವಾಯಿತು ಅನ್ನುವ ನೆಪ ಅವರಿಗೆ ಸಿಗದಿರಲಿ.

ದೂರು ಮೊದಲು ಹೋಗಬೇಕಾದ್ದು ಚಾನೆಲಿಗೇ. 2021ರ ಜೂನ್‌ನಲ್ಲಿ ಬಂದ ತಿದ್ದುಪಡಿ ನಿಯಮದ ಪ್ರಕಾರ ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ಉತ್ತರ ಕೊಡಬೇಕು. ದೂರು ಅಧಿಕಾರಿಯ ಹೆಸರು, ಇಮೇಲ್ ಚಾನೆಲಿನ ವೆಬ್‌ಸೈಟಿನಲ್ಲಿ ಇರಬೇಕು. ಪುಟದ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ ಹುಡುಕಿ. ಸ್ಥಳೀಯ ಕೇಬಲ್‌ನವರೇ ನಡೆಸುವ ಚಾನೆಲ್ ಆದರೆ ಜಿಲ್ಲಾಧಿಕಾರಿಗೆ ಬರೆಯಬಹುದು. ಚುನಾವಣೆ ಹೊತ್ತಿನಲ್ಲಿ ಪೇಯ್ಡ್ ನ್ಯೂಸ್ (ದುಡ್ಡು ಪಡೆದು ಸುದ್ದಿಯಂತೆ ಹಾಕಿದ ಪ್ರಚಾರ) ಅನುಮಾನ ಬಂದರೆ, ಮಾಧ್ಯಮಗಳ ಮೇಲೆ ಕಣ್ಣಿಡುವ ಜಿಲ್ಲಾ ಮಟ್ಟದ ಎಂಸಿಎಂಸಿ ಸಮಿತಿ ಇರುತ್ತದೆ, ಅದಕ್ಕೆ ಕೊಡಿ.

ಚಾನೆಲಿನಿಂದ ಬರುವ ಉತ್ತರ ಹೆಚ್ಚಾಗಿ ಒಂದೇ ಅಚ್ಚಿನದ್ದು. "ನಮ್ಮ ವಾಹಿನಿ ಎಲ್ಲ ನಿಯಮಗಳನ್ನು ಪಾಲಿಸುತ್ತದೆ, ತಮ್ಮ ಅಭಿಪ್ರಾಯಕ್ಕೆ ಧನ್ಯವಾದ." ಇದಕ್ಕೆ ಬೇಜಾರಾಗಿ ಬಿಡಬೇಡಿ. ಉತ್ತರ ಬಂದ 15 ದಿನದೊಳಗೆ ಅದೇ ಪತ್ರ, ಅದೇ ಉತ್ತರದ ಪ್ರತಿ ಲಗತ್ತಿಸಿ ಚಾನೆಲ್ ಸದಸ್ಯತ್ವ ಇರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಕಳಿಸಿ. ಹಲವು ದೊಡ್ಡ ಚಾನೆಲ್ಲುಗಳಿಗೆ ಅದು ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ). ಅದರ ವೆಬ್‌ಸೈಟಿನಲ್ಲಿ ಸದಸ್ಯ ಚಾನೆಲ್ಲುಗಳ ಪಟ್ಟಿಯೂ, ಹಿಂದೆ ಕೊಟ್ಟ ಆದೇಶಗಳೂ ಇವೆ. ಆ ಆದೇಶಗಳನ್ನು ಒಂದೆರಡು ಓದಿ ನೋಡಿ, ನಿಮ್ಮ ದೂರು ಹೇಗಿರಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ವಿಡಿಯೊ ತೆಗೆಯಿರಿ, ಕ್ಷಮೆ ಪ್ರಸಾರ ಮಾಡಿ, ದಂಡ ಕಟ್ಟಿ ಅಂತ ಅದು ಹೇಳಬಹುದು. ದಂಡದ ಮಿತಿ 1 ಲಕ್ಷ ರೂಪಾಯಿ ಅನ್ನುವುದು ಏನಕ್ಕೂ ಸಾಲದು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತ್ತು, ಆ ಮಾತು ಸರಿಯೇ. ಆದರೆ ಪರದೆ ಮೇಲೆ ಕ್ಷಮೆ ಓದುವುದು ಚಾನೆಲಿಗೆ ದಂಡಕ್ಕಿಂತ ಕಹಿ, ಹಾಗಾಗಿ ಪತ್ರದಲ್ಲಿ ಅದನ್ನೇ ಕೇಳಿ.

ಈ ಸಂಸ್ಥೆಗೆ 60 ದಿನ ಸಮಯ ಇರುತ್ತದೆ. ಅಲ್ಲೂ ಸಮಾಧಾನ ಆಗದಿದ್ದರೆ ಮತ್ತೆ 15 ದಿನದೊಳಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಹೋಗಬಹುದು. ಸರ್ಕಾರವೇ ಚಾನೆಲಿನ ಮೇಲೆ ಕೂರುವುದು ಸರಿಯಾ ಅನ್ನುವ ಪ್ರಶ್ನೆ ನನಗೂ ಇದೆ, ಅದಕ್ಕೇ ಎರಡನೇ ಹಂತದಲ್ಲೇ ಮುಗಿಯುವಂತೆ ದೂರನ್ನು ಗಟ್ಟಿಯಾಗಿ ಕಟ್ಟಿ. ಮೊದಲ ಇಮೇಲ್ ಕಳಿಸಿದ ದಿನವೇ ಈ ಎಲ್ಲ ಗಡುವುಗಳನ್ನು ಮೊಬೈಲ್ ಕ್ಯಾಲೆಂಡರ್‌ಗೆ ಹಾಕಿಟ್ಟುಕೊಳ್ಳಿ.